ಲಾಳಿ, ಲಾಳ

ಮುಖ ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ.
ಪಾದ ಕೇಳಿ, ಹೇಳುತ್ತೇನೆ:
ಎಡದ್ದು ಬಲದ್ದಕ್ಕಿಂತ ಅರ್ಧ ಬೆರಳು ಉದ್ದ,
ಕಿರುಬೆರಳು ಪಕ್ಕದವನ ಹೆಗಲೇರಿ ಕೂತಿತ್ತು,
ಸವೆಯುವುದು ಯಾವಾಗಲೂ ಹೊರಗಿನ ಅಂಚು ಮೊದಲು.
ಮೂವತ್ತು ವರ್ಷ ಆ ಅಂಚಿಗೆ ತೊಗಲು ಕೂಡಿಸಿದವನು ನಾನು.

ಜೆತ್ರೋ ಆರ್ಮರಾಡ್. ಲಂಕಾಷೈರಿನ ಕ್ಲೆಗ್‌ಡೆನ್,
ಗಿರಣಿಯ ಗೋಡೆಗೆ ಬೆನ್ನು ಕೊಟ್ಟ ಬೀದಿ.
ಹತ್ತು ವರ್ಷಕ್ಕೇ ಅರ್ಧ ದಿನ ಶಾಲೆ, ಅರ್ಧ ದಿನ
ನೂಲುವ ಯಂತ್ರದಡಿ ತೆವಳಿ ಉದುರಿದ ಹತ್ತಿ ಗುಡಿಸುವುದು.
ಹದಿನೈದಕ್ಕೆ ಅವನ ಪಾಲಿಗೆ ಎರಡು ಮಗ್ಗ.
ಲಾಳಿಯ ಕಣ್ಣಿಗೆ ತುಟಿಯಿಟ್ಟು ನೂಲು ಹೀರಿ ಹೀರಿ
ಮುಂದಿನ ಹಲ್ಲು ಆಗಲೇ ಕಪ್ಪು.
ಆ ಗದ್ದಲದಲ್ಲಿ ಮಾತು ಕೇಳಿಸದು, ತುಟಿ ಓದಬೇಕು.
ಮೈದಾನದಲ್ಲೂ ಅವನು ಕೂಗಿದ್ದನ್ನು ಯಾರೂ ಕೇಳಲಿಲ್ಲ;
ಚೆಂಡು ಹೊರಡುವ ಮೊದಲೇ ಎದುರಿನವನ ತುಟಿ ನೋಡಿ
ಎತ್ತ ಹೋಗುತ್ತದೆಂದು ತಿಳಿದುಬಿಡುತ್ತಿದ್ದನಂತೆ.

ಶನಿವಾರ ಒಂದು ಗಂಟೆಗೆ ಸಿಳ್ಳೆ.
ಊರಿಗೆ ಊರೇ ಮರದಟ್ಟೆಯ ಕ್ಲಾಗ್ ಕಟಕಟಿಸುತ್ತ
ಇಳಿಜಾರಿನ ಹುಲ್ಲಿಗೆ.
ಎಡಗಡೆ ಗೆರೆಗುಂಟ ಅವನು, ಹೋದ, ಬಂದ, ಹೋದ, ಬಂದ,
ಮಗ್ಗದಿಂದ ತಪ್ಪಿಸಿಕೊಂಡ ಲಾಳಿ.
ಲಾಳಿ ಬಿಟ್ಟ ಕಾಲಿಗೆ ನಾನು ಲಾಳ ಹೊಡೆದೆ:
ತೊಗಲ ಪಟ್ಟಿ, ಅಡ್ಡಕ್ಕೆ ಎರಡು.
ಮೊಳೆಯ ತಲೆ ಮೇಲೆ ಕಂಡರೆ ಅಂಪೈರು ಆಚೆ ಕಳಿಸುತ್ತಾನೆ,
ಅದಕ್ಕೇ ಬೆರಳಾಡಿಸಿ ನೋಡಿ ಕೊಡುತ್ತಿದ್ದೆ.

ಆಗ ದುಡ್ಡಿಗೆ ಆಡುವುದು ಹಾದರಕ್ಕೆ ಸಮ.
ಕಮಿಟಿಯ ಪಿಲ್ಲಿಂಗ್ ಸಾಹೇಬರು ಚರ್ಚಿನಲ್ಲಿ ಮುಂದಿನ ಸಾಲು.
ಆಟ ಮುಗಿದು, ಕೆಸರು ತೊಳೆದು, ಜೆತ್ರೋ
ಗೂಟದಡಿಯ ತನ್ನ ಹಳೆ ಬೂಟಿಗೆ ಕಾಲು ತೂರಿಸಿದರೆ
ಹಿಮ್ಮಡಿಗೆ ತಣ್ಣಗೆ ಏನೋ. ಅರ್ಧ ಸಾವರಿನ್.
ಯಾರು ಇಟ್ಟರು? ಯಾರೂ ಇಡಲಿಲ್ಲ.
ತೆಗೆಯುವಂತಿಲ್ಲ, ನೋಡುವವರಿದ್ದಾರೆ.
ಒಂದೂವರೆ ಮೈಲಿ ಅದರ ಮೇಲೇ ನಡೆದು
ಮನೆ ಸೇರಿ ಕೆಜಾಯಾಳ ಮುಂದೆ ಬೂಟು ಕೊಡವುತ್ತಿದ್ದ.

ಎಂಬತ್ತೈದರ ಬೇಸಿಗೆ. ಲಂಡನ್ನಿನ ಹೋಟೆಲಿನಲ್ಲಿ
ದೊಡ್ಡಮನುಷ್ಯರು ಕೂತು, ಮೀಸೆ ತೀಡಿ,
ಇಸಿದುಕೊಂಡರೆ ಇಸಿದುಕೊಳ್ಳಲಿ ಎಂದರು.
ಆ ವಾರ ಅಂಗಡಿಗೆ ಬಂದ, ಟೊಪ್ಪಿ ತೆಗೆಯದೆ:
“ಇನ್ನು ನಂದೂ ಕಸುಬೇ ಕಣಪ್ಪ. ನೀ ಅಟ್ಟೆ ಹೊಲೀತೀ,
ನಾ ಸವೆಸ್ತೀನಿ.”
ವಾರಕ್ಕೆ ಎರಡು ಪೌಂಡು, ಬೇಸಿಗೆಯಲ್ಲಿ ಒಂದು.
ರಿಜಿಸ್ಟರಿನಲ್ಲಿ ಹೆಸರು ಬರೆದನಂತೆ, ಒಂದಕ್ಷರ ಬಿಟ್ಟು.

ರೈಲು, ಮೂರನೇ ದರ್ಜೆ, ಹೊಗೆಯ ಊರುಗಳು.
ತಂಬಾಕಿನ ಅಂಗಡಿ ಕಿಟಕಿಯಲ್ಲಿ ಅವನ ಚಿತ್ರ, ತೋಳು ಕಟ್ಟಿ.
ಐದು ಸೀಸನ್ ಕಳೆದು ಡಿಸೆಂಬರಿನ ಒಂದು ದಿನ
ಹೆಪ್ಪುಗಟ್ಟಿದ ನೆಲ, ಇಬ್ಬರು ಒಟ್ಟಿಗೆ ಮೇಲೆ ಬಿದ್ದರು.
ಮೂಳೆ ಕಟ್ಟುವವನು ಎಳೆದ, ತಿರುವಿದ, ಬಿಯರು ಕುಡಿದ, ಹೋದ.

ಕಾಲು ಕಳೆದರೆ ಉಳಿಯುವುದು ಮುಕ್ಕಾಲು,
ಶಾಲೆಯ ಲೆಕ್ಕ.
ಕಮಿಟಿಯ ಲೆಕ್ಕದಲ್ಲಿ ಏನೂ ಉಳಿಯಲಿಲ್ಲ.
ಆರು ವಾರ ಸಂಬಳ. ಆಮೇಲೆ ಅವನ ಹೆಸರಲ್ಲಿ ಒಂದು ಸಹಾಯಾರ್ಥ ಪಂದ್ಯ,
ಅವತ್ತೇ ಮಳೆ. ಮೈದಾನದ ಬಾಡಿಗೆ ಮುರಿದು
ಹನ್ನೊಂದು ಪೌಂಡು ಏಳು ಶಿಲ್ಲಿಂಗು.

ಪಬ್ಬು ನಡೆಸಿದ. ಆ ಗೋಲಿನ ಕತೆ ಹೇಳು ಎಂದು ಕುಡಿಸಿದರು,
ಹೇಳಿದ, ಕುಡಿದ; ವರ್ಷಕ್ಕೆ ಹತ್ತು ಗಜ
ಗೋಲು ದೂರವಾಗುತ್ತ ಹೋಯಿತು.
ಆಮೇಲೆ ಕಲ್ಲಿದ್ದಲ ಗಾಡಿ.
ಆಗಲೂ ಬೂಟು ರಿಪೇರಿಗೆ ನನ್ನಲ್ಲಿಗೇ. ಸವೆಯುತ್ತಿದ್ದದ್ದು
ಈಗ ಬಲಗಾಲಿನ ಒಳ ಅಂಚು. ನಾನು ಕೇಳಲಿಲ್ಲ.

ಹೋದ ಮಾರ್ಚಿನಲ್ಲಿ ಮಣ್ಣು ಮಾಡಿದರು.
ಮಗಳು ಟ್ರಿಫೀನಾ ಮಂಚದಡಿ ಸಿಕ್ಕ ಹಳೆ ಬೂಟು ತಂದಿಟ್ಟಳು:
“ತೊಗಲು ಇನ್ನೂ ಗಟ್ಟಿ. ಹುಡುಗನ ಕ್ಲಾಗಿಗೆ ಆಗುತ್ತಾ ನೋಡಿ.”
ಬಿಚ್ಚಿದೆ. ಒಳಅಟ್ಟೆಯಲ್ಲಿ, ಹಿಮ್ಮಡಿಯ ಜಾಗಕ್ಕೆ,
ಹೆಬ್ಬೆರಳ ಉಗುರಿನಷ್ಟು ದುಂಡನೆ ಒಂದು ಗುಳಿ,
ರಾಣಿಯ ಮೂಗು ಕೂಡ ಮೂಡಿದಂತೆ.
“ಏನದು, ಹುಳ ತಿಂದಿದ್ದಾ?”
“ಅಲ್ಲ,” ಎಂದೆ, “ಸಂಬಳ.”
ಅವಳಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.
ನಾಲ್ಕು ಪೆನ್ನಿ ಕೇಳಿದೆ.
ಚೌಕಾಸಿ ಮಾಡಿ, ಮೂರಕ್ಕೆ ಒಪ್ಪಿಸಿ ಹೋದಳು.