ಕೋಟು ಹಿಡಿದವಳು

ನೆಂಟರು ಬಂದಾಗಲೆಲ್ಲ ಆರ್ನೆಗೆ ಸೇತುವೆ ನೆನಪಾಗುತ್ತದೆ,
ಎರಡನೇ ಕಪ್ ಕಾಫಿಗೆ ಸರಿಯಾಗಿ.

ತಾರ್ತುವಿನ ಹೊಳೆಗೆ ಅಡ್ಡಲಾಗಿ
ಬಿಲ್ಲಿನಂತೆ ಬಾಗಿದ ಕಾಂಕ್ರೀಟಿನ ಕಮಾನು.
ನಡೆಯುವವರಿಗೆ ಕೆಳಗೆ ದಾರಿಯುಂಟು, ಹಿಡಿಯಲು ಕಂಬಿಯುಂಟು.
ಆದರೂ ಅದರ ಬೆನ್ನೇರಿ ಆಚೆ ದಡಕ್ಕೆ ಇಳಿಯದವನು
ಡಿಗ್ರಿ ಪಡೆದರೂ ವಿದ್ಯಾರ್ಥಿಯಲ್ಲ ಅಂತ
ನಮ್ಮ ಹಾಸ್ಟೆಲಿನ ಶಾಸನ.

"ಎಪ್ಪತ್ತಾರನೇ ಇಸವಿ, ನವೆಂಬರು,
ಮೇಲೆ ಗಾಜಿನಷ್ಟು ತೆಳ್ಳಗೆ ಹಿಮ, ಕೆಳಗೆ ಕಪ್ಪು ನೀರು.
ಇವಳಿಗೋಸ್ಕರ ಹತ್ತಿದೆ," ಅನ್ನುತ್ತಾನೆ
ಚಮಚದಿಂದ ನನ್ನತ್ತ ತೋರಿಸಿ.
ಮೊಮ್ಮಗಳು ಕೆರ್ತು ಪ್ರತಿ ಸಲವೂ ಉಸಿರು ಬಿಗಿಹಿಡಿಯುತ್ತಾಳೆ,
ಅಜ್ಜ ಎದುರಿಗೇ ಕೂತು ಬನ್ನು ತಿನ್ನುತ್ತಿದ್ದರೂ.

ನಾನು ಸಕ್ಕರೆ ಡಬ್ಬಿಯ ಮುಚ್ಚಳ ಹಾಕುತ್ತೇನೆ.

ನನಗೆ ನೆನಪಿರುವುದು ಕೋಟು.
ಒದ್ದೆ ಉಣ್ಣೆಯ ವಾಸನೆ, ಹರಿದ ಅಸ್ತರು,
ಒಂದು ಜೇಬಿನಲ್ಲಿ ಮಣ್ಣಿನ ವಿಜ್ಞಾನದ ನೋಟ್ಸು,
ಇನ್ನೊಂದರಲ್ಲಿ ಕೋಲ್ಖೋಜಿನ ಹೊಲದಿಂದ ಕದ್ದ ಒಂದು ಆಲೂಗಡ್ಡೆ.
"ಹಿಡಿ, ಹೆಲ್ಯು," ಅಂದಿದ್ದ,
ಗೋಡೆಯ ಮೊಳೆಗೆ ಹೇಳಿದ ಹಾಗೆ.

ಅವನ ಕಣ್ಣೆಲ್ಲ ದೀಪದ ಕಂಬದ ಬಳಿ,
ಹಸಿರು ಸ್ಕಾರ್ಫಿನ ಮಾರೆಯ ಮೇಲೆ.
ಸೆಪ್ಟೆಂಬರಿನಲ್ಲಿ ನಮ್ಮನ್ನೆಲ್ಲ ಆಲೂಗಡ್ಡೆ ಕೀಳಲು ಕಳಿಸಿದಾಗ
ಅವಳ ಬುಟ್ಟಿ ಹೊತ್ತ.
ನನ್ನದನ್ನೂ ಹೊತ್ತ. ಅವಳು ನೋಡುತ್ತಿದ್ದಳಲ್ಲ, ಅದಕ್ಕೆ.

ಅವನು ಕಮಾನಿನ ನೆತ್ತಿ ಮುಟ್ಟುವ ಹೊತ್ತಿಗೆ
ಮಾರೆ ಕೈಗವಸು ಹುಡುಕುತ್ತಿದ್ದಳು.
ಒಂದು ಕಾಲು ಜಾರಿತು.
ಎರಡೂ ಕೈ ಚಾಚಿ, ಹಾರಲು ಬಾರದ ಹಕ್ಕಿಯಂತೆ
ಗಾಳಿಯನ್ನು ತಬ್ಬಿ ನಿಂತ.
ನೋಡಿದವಳು ನಾನೊಬ್ಬಳೇ.
ಜೇಬಿನೊಳಗೆ ನನ್ನ ಮುಷ್ಟಿ
ಆಲೂಗಡ್ಡೆಗೆ ಉಗುರು ನೆಟ್ಟಿತ್ತು.

ಮಾರೆ ಕೊನೆಯ ಬಸ್ಸಿಗೆ ಹೋದಳು.
ನಡುಗುತ್ತ ಬಂದವನಿಗೆ ಕೋಟು ತೊಡಿಸಿದೆ.
ಹಾಸ್ಟೆಲಿನಲ್ಲಿ ಬಚ್ಚಿಟ್ಟ ಒಲೆಯ ಮೇಲೆ
ಆ ಒಂದನ್ನೇ ಬೇಯಿಸಿ, ಉಪ್ಪು ಸವರಿ, ಎರಡು ಮಾಡಿದೆವು.
ಉಗುರಿನ ಗುರುತಿದ್ದ ಹೋಳು ಅವನಿಗೆ.
ಇದನ್ನು ಅವನು ಯಾವ ನೆಂಟರಿಗೂ ಹೇಳುವುದಿಲ್ಲ.
ಕೇಳಿದರೆ, "ಆಲೂಗಡ್ಡೆಯಾ? ಯಾವ ಆಲೂಗಡ್ಡೆ?"

ಸುಳ್ಳಿಗೆ ಗಿಡ್ಡ ಕಾಲು ಅನ್ನುತ್ತಿದ್ದಳು ನನ್ನಜ್ಜಿ.
ಇರಬಹುದು. ಆ ಗಿಡ್ಡ ಕಾಲಿನಲ್ಲೇ
ನಲವತ್ತೈದು ವರ್ಷ ನಮ್ಮ ಜೊತೆ ನಡೆದು ಬಂದಿದೆ,
ಎರಡು ಬಾಡಿಗೆ ಮನೆ, ಒಂದು ಸ್ವಂತ ಮನೆ,
ರೂಬಲ್ ಹೋಗಿ ಕ್ರೋನು, ಕ್ರೋನು ಹೋಗಿ ಯೂರೋ.
ಮೊದಮೊದಲು ಹೊಟ್ಟೆಗೆ ಹಾಕಿಕೊಂಡೆ.
ಆಮೇಲೆ ಅದು ಹೊಟ್ಟೆಯಲ್ಲೇ ಬೆಂದು ಮೆತ್ತಗಾಯಿತು.
ಈಗ ಅವನು ಆ ಕತೆ ಹೇಳದೆ ನೆಂಟರು ಎದ್ದರೆ
ನನಗೇ ಏನೋ ಬಿಟ್ಟುಹೋದಂತೆ.

ಹೋದ ಏಪ್ರಿಲಿನಲ್ಲಿ ಮಾರೆಯನ್ನು ಮಣ್ಣು ಮಾಡಿ
ರೈಲಿಗೆ ಹೊತ್ತಿತ್ತೆಂದು ಹೊಳೆಯ ಬದಿಗೆ ಬಂದೆವು.
ಕಮಾನಿನ ಮೇಲೆ ಇಬ್ಬರು ಹುಡುಗರು, ಒಬ್ಬಳು ಹುಡುಗಿ,
ಫೋನು ಎತ್ತಿ ತಮ್ಮದೇ ಚಿತ್ರ ತೆಗೆಯುತ್ತಿದ್ದರು.
ಆರ್ನೆ ಸುಮ್ಮನೆ ಕೋಟು ಬಿಚ್ಚಿ ನನ್ನ ಕೈಗಿತ್ತ.
ನಾನೂ ಸುಮ್ಮನೆ ಹಿಡಿದೆ.
ಜೇಬಿನಲ್ಲಿ ರಕ್ತದೊತ್ತಡದ ಮಾತ್ರೆ,
ಮಡಿಸಿಟ್ಟ ಅಂತ್ಯಕ್ರಿಯೆಯ ಹಾಳೆ.
ಸ್ವಲ್ಪ ಹೊತ್ತು ಕಮಾನಿನ ಬುಡಕ್ಕೆ ಅಂಗೈ ಒತ್ತಿ ನಿಂತು
"ಗಾಳಿ ಜೋರಿದೆ," ಅಂತ ವಾಪಸು ಇಸಿದುಕೊಂಡ.

ರೈಲಿನಲ್ಲಿ, ಕಿಟಕಿಗೆ ಮುಖ ಮಾಡಿ ಕೇಳಿದ:
"ಆವತ್ತು ನೀನು ನೋಡಿದೆಯಾ?"
"ಬಲಗಾಲು ಜಾರಿತು," ಅಂದೆ.
"ಎಡಗಾಲು."
"ಬಲ."
"ನನ್ನ ಕಾಲು ನನಗೆ ಗೊತ್ತಿಲ್ಲವಾ, ಹೆಲ್ಯು?"

ಎಲ್ವಾ ಸ್ಟೇಷನ್ ಬಂದರೂ ಮುಗಿಯಲಿಲ್ಲ.
ಟಿಕೆಟಿನ ಹುಡುಗಿ ನಮ್ಮನ್ನು ದಾಟಿ ಹೋಗಿ,
ಮತ್ತೆ ಹಿಂದಿರುಗಿ ನೋಡಿದಳು.