ಹನ್ನೊಂದನೆಯ ಎಲೆ

ಗ್ಯಾರೇಜಿನ ಬಾಗಿಲು ಮಾರಿ ದುಡ್ಡು ಮಾಡಿದವನು
ಥರ್ಮನ್ ಓಕ್ಸ್.
ಇಂಡಿಯಾನಾದಲ್ಲಿ ಗುಂಡಿ ಒತ್ತಿದಾಗ
ಗೊಣಗುತ್ತ ಮೇಲೇಳುವ ಬಾಗಿಲುಗಳಲ್ಲಿ
ಮೂರಕ್ಕೊಂದು ಅವನದು.
ನಲವತ್ತು ವರ್ಷ ಬೇರೆಯವರ ಕಾರು ಹೊರಗೆ ಬಿಟ್ಟೆ,
ಇನ್ನು ನನ್ನದೊಂದು ಹೊರಡಲಿ
ಅಂದನಂತೆ ಅರವತ್ತೆಂಟರ ಹುಟ್ಟುಹಬ್ಬಕ್ಕೆ,
ಕೇಕಿಗೆ ಚಾಕು ಇಡುತ್ತ.
ಹೆಂಡತಿ ಮಾರ್ವೆಲ್ ನಕ್ಕಳು.
ಸೋಮವಾರ ವಕೀಲರು ಬಂದರು.

ನನ್ನನ್ನು ಕರೆದದ್ದು ಆ ಮಾರ್ಚಿನಲ್ಲಿ.
ವಿಮಾನದ ರೆಕ್ಕೆಗೆ ಕಾರ್ಬನ್ ಬಟ್ಟೆ ಹಾಸುವ ಕೆಲಸ ಹೋಗಿ
ಅಕ್ಕನ ಮಕ್ಕಳ ಪ್ಯಾಂಟಿಗೆ ತೇಪೆ ಹಾಕುತ್ತಿದ್ದೆ.
ಕೊಕೊಮೊದ ಹೊರಗೆ, ಜೋಳದ ಹೊಲಕ್ಕೆ ಬೆನ್ನು ಮಾಡಿ ನಿಂತ ಶೆಡ್ಡು;
ಮೊದಲು ಕೋಳಿ ಮಾಂಸ ಇಡುತ್ತಿದ್ದರು,
ಬಿಸಿಲೇರಿದರೆ ಗೋಡೆ ಇನ್ನೂ ಅದನ್ನೇ ನೆನೆಯುತ್ತದೆ.
ಮೂವತ್ತೊಂದು ಮಂದಿ ನಾವು.
ಅತ್ತ ದೊಡ್ಡ ತಂಡಗಳಲ್ಲಿ ಸಾವಿರ ಮಂದಿಯಂತೆ,
ಗಾಳಿಗೇ ಒಂದು ಇಲಾಖೆಯಂತೆ.
ನಮ್ಮ ಗಾಳಿ ಬಾಡಿಗೆಯದು.
ಉತ್ತರ ಕೆರೊಲಿನಾದ ಸುರಂಗ, ಗಂಟೆಯ ಲೆಕ್ಕ,
ರಾತ್ರಿ ಎರಡು ದಾಟಿದರೆ ರಿಯಾಯಿತಿ.
ಅರ್ಧ ಅಳತೆಯ ಗೊಂಬೆಕಾರನ್ನು ಕಂಬಳಿಯಲ್ಲಿ ಸುತ್ತಿ
ಹನ್ನೊಂದು ತಾಸು ವ್ಯಾನು ಓಡಿಸುತ್ತಾನೆ ಡ್ವೇನ್ ಪ್ರುಯಿಟ್,
ಬಾಣಂತಿಯನ್ನು ಕೂರಿಸಿಕೊಂಡವನ ಹಾಗೆ,
ಒಂದು ಸಲವೂ ಅರವತ್ತು ಮೈಲಿ ಮೀರದೆ.

ಆಗುತ್ತದಾ? ಎಂದು ಕೇಳುತ್ತಾರೆ
ಡೈನರಿನಲ್ಲಿ, ಚರ್ಚಿನ ಮೆಟ್ಟಿಲಲ್ಲಿ,
ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ.
ಏನು ಹೇಳಲಿ.
ಪಂಕ್ತಿಯಲ್ಲಿ ಹತ್ತು ಎಲೆ ಬಿದ್ದಿವೆ,
ಪಾಯಸ ಇಷ್ಟೇ ಎಂದು ಅಳೆದಾಗಿದೆ.
ಹನ್ನೊಂದನೆಯವನು ಬಾಗಿಲಲ್ಲಿ ನಿಂತು ನನಗೂ ಹಸಿವು ಅಂದರೆ
ಮೊಣಕಾಲು ಮಡಚಿ ಜಾಗ ಬಿಡುವವರು ಯಾರು?
ಬಿಟ್ಟರೂ ಎಲೆಯ ಬಾಡಿಗೆ ಇಪ್ಪತ್ತು ಕೋಟಿ ಡಾಲರು.
ಬಡಿಸುವ ಸೌಟು ಇರುವುದು
ಉಣ್ಣಲು ಕೂತವರ ಕೈಯಲ್ಲೇ.

ಓಕ್ಸ್ ಹೋಗಿ ಬಂದ.
ಯಾವುದೋ ಬಂದರಿನಲ್ಲಿ ಹಡಗಿನ ಮೇಲೆ ಕೂರಿಸಿ
ಮುಳ್ಳು ತೆಗೆದ ಮೀನು ಬಡಿಸಿದರಂತೆ;
ಮುಳ್ಳೆಲ್ಲ ಮಾತಿಗೆ ಉಳಿಸಿಕೊಂಡಿದ್ದರು.
ನೀವು ಬಂದರೆ ನಮಗೇನು ತರುತ್ತೀರಿ, ಮಿಸ್ಟರ್ ಓಕ್ಸ್?
ಬಾಗಿಲು, ಅಂದನಂತೆ ಇವನು.
ಯಾರೂ ನಗಲಿಲ್ಲ.
ದುಭಾಷಿ ಬೇಕಿತ್ತೇನೋ
ಇಂಗ್ಲಿಷಿನಿಂದ ಇಂಗ್ಲಿಷಿಗೆ.

ನವೆಂಬರಿನಲ್ಲಿ ಕಾಗದ ಬಂತು.
ದಪ್ಪ ಕಾಗದ, ತೆಳು ಮಾತು.
ಮುಂದಿನ ಅವಧಿಯಲ್ಲಿ ಪರಿಶೀಲಿಸಲಾಗುವುದು, ನಾಲ್ಕು ಸಲ.
ಎಂಜಿನ್ನು ಕೊಡುತ್ತೇವೆ ಅಂದಿದ್ದವರು
ಫೋನೆತ್ತುವುದನ್ನು ಬಿಟ್ಟರು.
ಡ್ವೇನ್ ಕಾಗದವನ್ನು ದೀಪಕ್ಕೆ ಹಿಡಿದು ನೋಡಿದ,
ನೀರುಗುರುತಿನಲ್ಲಾದರೂ ಏನಾದರೂ ಇದ್ದೀತೆಂದು.

ಆ ರಾತ್ರಿ ಒತ್ತಡದ ಒಲೆಯಲ್ಲಿ ಕಾರಿನ ಮೂತಿ ಬೇಯುತ್ತಿತ್ತು.
ಕಾಯಲು ನಾನೊಬ್ಬಳೇ.
ಹತ್ತರ ಮೇಲೆ ಓಕ್ಸ್ ಬಂದ,
ಬೂಟು ಕಳಚಿಟ್ಟು, ಕಾಲುಚೀಲದಲ್ಲಿ.
ಮಾತಾಡದೆ ಮರದ ಮಾದರಿಯೊಳಗೆ ಇಳಿದ.
ಚಕ್ರ ಇಲ್ಲ, ಸ್ಟಿಯರಿಂಗಿನ ಜಾಗದಲ್ಲಿ
ನಾವೇ ಇಟ್ಟ ಪ್ಲಾಸ್ಟಿಕ್ ತಟ್ಟೆ.
ಎರಡು ಕೈಯಲ್ಲಿ ಅದನ್ನು ಹಿಡಿದು
ಎಡಕ್ಕೊಂದಿಷ್ಟು ವಾಲಿದ.
ಯಾವ ತಿರುವೋ, ಕೇಳಲಿಲ್ಲ ನಾನು.

ಏಳಲು ಆಗಲಿಲ್ಲ.
ಇಪ್ಪತ್ತರ ಹುಡುಗನ ಸೊಂಟಕ್ಕೆ ಕೊರೆದ ತೊಟ್ಟಿಲು ಅದು.
ಕಂಕುಳಿಗೆ ಕೈ ಹಾಕಿ ಎಳೆದೆ.
ಶರಟಿಗೆ ಪುದೀನದ ಮಾತ್ರೆಯ ವಾಸನೆ,
ಮೈ ನೆನೆಸಿದ್ದಕ್ಕಿಂತ ಹಗುರ.
ಹೊರಬಂದವನು ಕೇಳಿದ:
ಮೂತಿಗೆ ಇನ್ನೆಷ್ಟು ಹೊತ್ತು?
ನಾಲ್ಕು ಗಂಟೆಯಾಗುತ್ತದೆ, ಬೆಳಿಗ್ಗೆ.
ನಾಳೆ ನಾನು ಬರಬೇಕಾ, ಎಂದು
ನಾನು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಶೆಡ್ಡಿನ ಬಾಗಿಲೂ ಅವನದೇ, ಹಳೇ ಮಾದರಿ,
ಚಳಿಗೆ ಅರ್ಧದಲ್ಲೇ ಹಟ ಹಿಡಿಯುತ್ತದೆ.
ಎಣ್ಣೆಯ ಡಬ್ಬಿ ಎಲ್ಲಿ, ಎಂದ.
ಏಣಿ ಹಾಕಿ ಹತ್ತಿ
ಒಂದೊಂದೇ ಕೀಲಿಗೆ ಎರಡೆರಡು ಹನಿ ಬಿಡುತ್ತ ನಿಂತ.
ಹೊರಗೆ ಕೊಯ್ಲು ಮುಗಿದ ಹೊಲ,
ಎಲ್ಲೋ ಗೂಡ್ಸು ಗಾಡಿಯ ಕೂಗು.
ಏಣಿ ಹಿಡಿದುಕೋ, ಅಂದ ಮೇಲಿನಿಂದ,
ನೋಡುತ್ತ ನಿಂತಿದ್ದೀಯಲ್ಲ.
ಹಿಡಿದುಕೊಂಡೆ.