ರಬ್ಬರಿನ ಬೇರು

ಲಿಸ್ಬನ್ನಿನಿಂದ ಬಂದವರು
ಹೋದ ಮಾರ್ಚಿನಲ್ಲಿ ನನ್ನನ್ನು ಎರಡು ದಿನ ಹೆಣವಾಗಿಸಿದರು.
ದಿನಕ್ಕೆ ನಲವತ್ತು ಯೂರೋ, ಮಧ್ಯಾಹ್ನಕ್ಕೆ ಬ್ರೆಡ್ಡು, ಹಂದಿಮಾಂಸ.
ಬಾಯಿತುಂಬ ಎಲೆ ತುರುಕಿ
'ಉಸಿರಾಡಬೇಡಿ, ದೋನಾ ಜುಲ್ಮೀರಾ' ಎಂದಳು ಒಬ್ಬ ಹುಡುಗಿ,
ಎಷ್ಟು ಮರ್ಯಾದೆಯಿಂದ!

ಇವತ್ತು ಆ ಸಿನಿಮಾ ನಮ್ಮೂರಿಗೇ ಬಂದಿದೆ.
ಅಗ್ನಿಶಾಮಕ ದಳದ ಶೆಡ್ಡಿನಿಂದ
ಕೆಂಪು ಲಾರಿಯನ್ನು ಹೊರಗೆ ತಳ್ಳಿ
ಗೋಡೆಗೆ ಬಿಳಿ ಹೊದಿಕೆ ಬಿಗಿದಿದ್ದಾರೆ.
ಹೊದಿಕೆ ದೆಯೊಲಿಂದಾಳದು, ಮದುವೆಯದು;
ಮೂಲೆಯಲ್ಲಿ ಕಸೂತಿಯ ಅಕ್ಷರ.
ನಾಯಕಿ ಅತ್ತಾಗಲೆಲ್ಲ ಅದು ಅವಳ ಕೆನ್ನೆಗೆ ಬಂದು ಕೂರುತ್ತದೆ.

ಕತೆ ಇಷ್ಟೇ: ನೀಲಗಿರಿ ಮರಗಳಿಗೆ ಸಿಟ್ಟು ಬಂದಿದೆ.
ರಾತ್ರಿ ಬೇರು ಕಿತ್ತುಕೊಂಡು ಊರಿಗೆ ಇಳಿಯುತ್ತವೆ,
ಕಿಟಕಿಯಲ್ಲಿ ಕೈ ಹಾಕಿ ಕತ್ತು ಹಿಸುಕುತ್ತವೆ,
ಪಾದ್ರಿಯನ್ನು ಗಂಟೆಯ ಹಗ್ಗಕ್ಕೇ ನೇತುಹಾಕುತ್ತವೆ.
ಕನ್ನಡಕದ ವಿಜ್ಞಾನಿಯೊಬ್ಬ ಮಂಜಿನೊಳಗಿಂದ ಬಂದು
'ಕಾಡು ಸೇಡು ತೀರಿಸಿಕೊಳ್ಳುತ್ತಿದೆ' ಎನ್ನುತ್ತಾನೆ.
ಮೂರು ಸಲ ಎನ್ನುತ್ತಾನೆ.

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.
ಬೇರು ರಬ್ಬರಿನದು, ಕುರುಡನಿಗೂ ಗೊತ್ತಾಗುತ್ತದೆ.
ಮಂಜು ಯಂತ್ರದ್ದು, ಒಂದೇ ಕಡೆಯಿಂದ ಬುಸುಗುಡುತ್ತದೆ.
ಮಕ್ಕಳು ನಗುತ್ತಿವೆ.
ನಾನು ಸತ್ತದ್ದು ಮೂರು ಸೆಕೆಂಡು,
ಅದೂ ಬೆನ್ನು ಮಾತ್ರ;
ಬಾಯೊಳಗಿನ ಎಲೆ ಯಾರಿಗೂ ಕಾಣಲೇ ಇಲ್ಲ.

ಅದೆರಿತು ಮಾತ್ರ ನಗಲಿಲ್ಲ.
ಟೋಪಿ ಮೊಣಕಾಲ ಮೇಲಿಟ್ಟುಕೊಂಡು
ಇಗರ್ಜಿಯಲ್ಲಿ ಕೂತಂತೆ ಕೂತಿದ್ದವನು
ದೀಪ ಹಾಕಿದ ಮೇಲೆ ಕೇಳಿದ:
'ಸೇಡು ಅಂದನಲ್ಲ, ಯಾರ ಮೇಲಂತೆ?'

ಯಾರೂ ಮಾತಾಡಲಿಲ್ಲ.

ಆ ಜೂನಿನಲ್ಲಿ ಬೆಂಕಿ ಬಂದಾಗ
ಅದು ನಮ್ಮ ಮುಖ ನೋಡಲಿಲ್ಲ.
ಇಲಿದಿಯೊನ ಮನೆ ತೊಲೆಸಮೇತ ಹೋಯಿತು,
ಪಕ್ಕದ ಹಗ್ಗದ ಮೇಲಿನ ಅಂಗಿ
ಒಣಗಿ ಗರಿಗರಿಯಾಗಿ ಹಾಗೇ ಉಳಿಯಿತು.
ಅದೆರಿತುವಿನ ತಮ್ಮ ಕಾರು ತಿರುಗಿಸಿದ್ದು ಎಡಕ್ಕೆ.
ಬಲಕ್ಕೆ ತಿರುಗಿಸಿದವರು ಇಲ್ಲೇ ಕೂತಿದ್ದೇವೆ.
ಮರ ನೆಟ್ಟವರು ನಾವೇ, ಸಾಲು ಹಿಡಿದು,
ಕಾಗದದ ಕಾರ್ಖಾನೆಗೆ, ಟನ್ನಿಗಿಷ್ಟು ಎಂದು;
ಅವೂ ಓಡಲಾರದೆ ನಿಂತಲ್ಲೇ ಬೆಂದವು.

ಸಿಟ್ಟಾದರೂ ಇದ್ದಿದ್ದರೆ ಎಷ್ಟೋ ವಾಸಿ.
ಸಿಟ್ಟಿಗೆ ಕಿವಿಯಿರುತ್ತದೆ.
ಮೇಣದ ಬತ್ತಿ ಹಚ್ಚಬಹುದಿತ್ತು,
ಫಾತಿಮಾಕ್ಕೆ ಮಂಡಿಯೂರಿ ನಡೆಯಬಹುದಿತ್ತು,
ತಪ್ಪಾಯಿತು, ನಾಲ್ಕು ಕಾಸಿನ ಆಸೆ, ಅನ್ನಬಹುದಿತ್ತು.
ನಮ್ಮನ್ನು ದ್ವೇಷಿಸುವಷ್ಟಾದರೂ
ಯಾರೋ ನಮ್ಮನ್ನು ಗಮನಿಸಿದ್ದರು ಎಂದು
ರಾತ್ರಿ ಮಗ್ಗುಲು ಬದಲಿಸಬಹುದಿತ್ತು.

ಹೊರಗೆ ಗಾಳಿ.
ಗುಡ್ಡದ ಮೇಲೆ ಸುಟ್ಟ ಬೊಡ್ಡೆಗಳಿಂದ ಮತ್ತೆ ಚಿಗುರು,
ಯಾರೂ ನೆಡದೆ, ಆಳೆತ್ತರ,
ಶೀತಕ್ಕೆ ಎದೆಗೆ ತಿಕ್ಕುವ ಎಣ್ಣೆಯ ಅದೇ ವಾಸನೆ.
ದೆಯೊಲಿಂದಾಳ ಭುಜದ ಮೇಲೆ ಒಣ ತೊಗಟೆಯೊಂದು ಬಿತ್ತು.
ಬೆಚ್ಚುತ್ತಾಳೆಂದು ಕಾದೆವು.
ಅವಳು ಅದನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿದಳು:
ಬೆಳಿಗ್ಗೆ ಒಲೆ ಹೊತ್ತಿಸಲಿಕ್ಕಾಯಿತು.

ಸಿನಿಮಾದವರು ಒಂದು ಬೇರು ಬಿಟ್ಟುಹೋಗಿದ್ದರು,
ಹದಿನಾಲ್ಕು ಮೀಟರ್, ಒಳಗೆ ಟೊಳ್ಳು.
ಇಲಿದಿಯೊ ಅದನ್ನು ನಲ್ಲಿಗೆ ಸಿಕ್ಕಿಸಿ
ಕೋಸಿನ ಮಡಿಗೆ ನೀರು ಬಿಡುತ್ತಾನೆ.
ಎರಡು ಕಡೆ ಸೋರುತ್ತದೆ.
ಅಷ್ಟು ಬಿಟ್ಟರೆ
ಒಳ್ಳೆಯ ಬೇರು.